ಅಮ್ಮನ ನಡಿಗೆ ರಿಪೋರ್ಟಿನಲ್ಲಿ ಕೆಂಪು ಗುರುತು ಬಂದಿದೆ. ಸೊಂಟಕ್ಕೆ ಕಟ್ಟಿದ ಸೆನ್ಸರ್ ಹೇಳಿದ್ದನ್ನು ಎಷ್ಟು ನಂಬಬಹುದು?

ತೀರ್ಥಹಳ್ಳಿ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ಅಣ್ಣ ನ್ಯೂಜೆರ್ಸಿಯಲ್ಲಿ. ಈ ವರ್ಷ ಅಮ್ಮ ಎರಡು ಸಲ ಬಿದ್ದರು. ಮೂಳೆ ಮುರಿದಿಲ್ಲ, ಆದರೆ ಎರಡನೇ ಸಲ ಹಣೆ ಒಡೆದು ನಾಲ್ಕು ಹೊಲಿಗೆ ಬಿತ್ತು.

ಹೋದ ವಾರ ಇಲ್ಲಿಗೆ ಕರೆಸಿಕೊಂಡು ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆವು. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಇರುವ ಬೆಲ್ಟನ್ನು ಅಮ್ಮನ ಸೊಂಟಕ್ಕೆ ಹಿಂದುಗಡೆ ಕಟ್ಟಿದರು. ರೂಮಿನ ಈ ಕಡೆಯಿಂದ ಆ ಕಡೆಗೆ ನಡೆಸಿದರು. ಆಮೇಲೆ ಕುರ್ಚಿಯಿಂದ ಎದ್ದು ನಡೆದು ವಾಪಸ್ ಬಂದು ಕೂರುವ ಪರೀಕ್ಷೆ. ಹತ್ತು ನಿಮಿಷದಲ್ಲಿ ರಿಪೋರ್ಟ್ ಕೈಗೆ ಬಂತು:

ನಡಿಗೆಯ ವೇಗ ಸೆಕೆಂಡಿಗೆ 0.72 ಮೀಟರ್. ನಿಮಿಷಕ್ಕೆ 98 ಹೆಜ್ಜೆ. ಹೆಜ್ಜೆಯ ಅವಧಿಯಲ್ಲಿ ಏರುಪೇರು 5.8%. ಎರಡೂ ಕಾಲು ನೆಲದ ಮೇಲಿರುವ ಸಮಯ 31%. ಕುರ್ಚಿ ಪರೀಕ್ಷೆ 16.4 ಸೆಕೆಂಡ್.

ಕೆಳಗೆ ಕೆಂಪು ಬಣ್ಣದಲ್ಲಿ "ಬೀಳುವ ಅಪಾಯ ಹೆಚ್ಚು". ಇದರ ಅರ್ಥ ಕೇಳಿದರೆ ಆರು ತಿಂಗಳ ಪ್ಯಾಕೇಜ್ ಬಗ್ಗೆ ಹೇಳಿದರು. ಅಣ್ಣ ಬಿದ್ದರೆ ತಾನೇ ಫೋನ್ ಮಾಡುವ ವಾಚ್ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಅಮ್ಮ ಆ ಕೆಂಪು ನೋಡಿದಾಗಿನಿಂದ ಗೇಟಿನ ತನಕ ಹೋಗಲೂ ಹೆದರುತ್ತಿದ್ದಾರೆ. ತಿಳಿದವರು ಹೇಳಿ.

ಹೊಸ್ತಿಲು
ರಿಪೋರ್ಟ್ ಇರಲಿ, ಎಲ್ಲಿ ಬಿದ್ದರು? ಎಷ್ಟು ಹೊತ್ತಿಗೆ? ಅದನ್ನೇ ಬರೆದಿಲ್ಲ ನೀವು.

ದಾವಣಗೆರೆ ದಾರಿ
ಇದೆಲ್ಲ ದುಡ್ಡು ಮಾಡುವ ದಾರಿ. 74ರಲ್ಲಿ ಯಾರು ಓಡುತ್ತಾರೆ ಹೇಳಿ? ನಿಧಾನ ನಡೆಯುವುದು ಸಹಜ. ಹೆದರಿಸಿ ಪ್ಯಾಕೇಜ್ ಮಾರುತ್ತಾರೆ ಅಷ್ಟೆ.

ಮೈಸೂರು ಫಿಸಿಯೋ
@ದಾವಣಗೆರೆ ದಾರಿ, ಪ್ಯಾಕೇಜಿನ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ. ಆದರೆ ನಿಧಾನ ನಡೆಯುವುದು ಸಹಜ ಅಂತ ಬಿಟ್ಟುಬಿಡುವುದು ತಪ್ಪು. ನಾನು 18 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಡಿಗೆಯ ವೇಗವನ್ನು ನಾವು ಬಿಪಿ, ನಾಡಿ ಥರಾನೇ ನೋಡುತ್ತೇವೆ. 2011ರಲ್ಲಿ ಅಮೆರಿಕದಲ್ಲಿ 34,000ಕ್ಕೂ ಹೆಚ್ಚು ಹಿರಿಯರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ವೇಗ ಕಡಿಮೆ ಇದ್ದವರಿಗೆ ಆಯಸ್ಸೂ ಕಡಿಮೆ ಅಂತ ಕಂಡುಬಂತು. ನಡೆಯಬೇಕಾದರೆ ಹೃದಯ, ಶ್ವಾಸ, ನರ, ಸ್ನಾಯು, ಕಣ್ಣು ಎಲ್ಲವೂ ಸೇರಿ ಕೆಲಸ ಮಾಡಬೇಕು. ಯಾವುದು ಸೋತರೂ ಮೊದಲು ವೇಗ ಇಳಿಯುತ್ತದೆ.

ಮೇಡಂ, ಒಂದೊಂದಾಗಿ ಹೇಳುತ್ತೇನೆ. ವೇಗ 0.8ಕ್ಕಿಂತ ಕಡಿಮೆ ಇದ್ದರೆ ಎಚ್ಚರ ಬೇಕು. ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ, ತಿರುಗಿ, ಬಂದು ಕೂರುವ ಪರೀಕ್ಷೆ 1991ರಿಂದ ಇದೆ. ಅದರಲ್ಲಿ 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಇದೆ ಅಂತ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಎರಡೂ ಕಾಲು ನೆಲದಲ್ಲಿರುವ ಸಮಯ ಗಟ್ಟಿ ನಡಿಗೆಯವರಲ್ಲಿ ಸುಮಾರು 20% ಇರುತ್ತದೆ. ಧೈರ್ಯ ಕಡಿಮೆ ಆದ ಹಾಗೆ ಅದು ಜಾಸ್ತಿ ಆಗುತ್ತದೆ. ಕೆಸರಿನಲ್ಲಿ ನಡೆಯುವಾಗ ನಾವೆಲ್ಲ ಒಂದು ಕಾಲು ಗಟ್ಟಿ ಊರಿದ ಮೇಲೇ ಇನ್ನೊಂದು ಎತ್ತುತ್ತೇವಲ್ಲ, ಹಾಗೆ.

ಗೈರೋ
ನಾನು ಇಂಥ ಸೆನ್ಸರುಗಳ ಸಾಫ್ಟ್‌ವೇರ್ ಬರೆಯುವವನು. ಒಂದು ಪ್ರಶ್ನೆ. ರೂಮು ಎಷ್ಟು ಉದ್ದ ಇತ್ತು? ಎಷ್ಟು ಸಲ ನಡೆಸಿದರು?

ತೀರ್ಥಹಳ್ಳಿ ಮಗಳು
@ಗೈರೋ ಹೆಚ್ಚೆಂದರೆ ಆರು ಮೀಟರ್. ಒಂದೇ ಸಲ. ನೆಲ ಆಗಷ್ಟೇ ಒರೆಸಿತ್ತು, ಅಮ್ಮ ಬರಿಗಾಲಿನಲ್ಲಿದ್ದರು.

ಗೈರೋ
ಹಾಗಾದರೆ ಆ 5.8% ಅನ್ನು ಬಿಟ್ಟುಬಿಡಿ. ಯಾಕೆ ಅಂತ ಹೇಳುತ್ತೇನೆ.

ಆ ಡಬ್ಬಿಯೊಳಗೆ ಎರಡು ಚಿಪ್ ಇರುತ್ತವೆ. ಆಕ್ಸಿಲರೋಮೀಟರ್ ಮೈ ಯಾವ ಕಡೆಗೆ ಎಷ್ಟು ಕುಲುಕಿತು ಅಂತ ಅಳೆಯುತ್ತದೆ. ಗೈರೋಸ್ಕೋಪ್ ಎಷ್ಟು ತಿರುಗಿತು ಅಂತ ಅಳೆಯುತ್ತದೆ. ದೇಹದ ತೂಕದ ನಡುಭಾಗ ಸೊಂಟದ ಹತ್ತಿರ ಇರುವುದರಿಂದ ಅಲ್ಲಿ ಕಟ್ಟುತ್ತಾರೆ. ಪ್ರತಿ ಸಲ ಹಿಮ್ಮಡಿ ನೆಲಕ್ಕೆ ತಾಗಿದಾಗ ಗ್ರಾಫಿನಲ್ಲಿ ಒಂದು ಮೊನೆ ಏಳುತ್ತದೆ. ಒಂದು ಮೊನೆಯಿಂದ ಮುಂದಿನ ಮೊನೆಗೆ ಎಷ್ಟು ಸಮಯ ಅಂತ ನೋಡಿದರೆ ಹೆಜ್ಜೆಯ ತಾಳ ಗೊತ್ತಾಗುತ್ತದೆ. ತಾಳ ತಪ್ಪುತ್ತಿದ್ದರೆ ಅದೇ ಏರುಪೇರು. ಇದು ಒಳ್ಳೆಯ ಅಳತೆ, ಅನುಮಾನ ಇಲ್ಲ. 2001ರಲ್ಲಿ ಹಾಸ್‌ಡಾರ್ಫ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 52 ಹಿರಿಯರನ್ನು ಒಂದು ವರ್ಷ ಗಮನಿಸಿದರು. ಮುಂದೆ ಬಿದ್ದವರಲ್ಲಿ ಈ ಏರುಪೇರು ಮೊದಲೇ ಜಾಸ್ತಿ ಇತ್ತು.

ಈಗ ನಿಮ್ಮ ಅಮ್ಮನ ಲೆಕ್ಕ ಹಾಕಿ. ನಿಮಿಷಕ್ಕೆ 98 ಹೆಜ್ಜೆ, ಸೆಕೆಂಡಿಗೆ 72 ಸೆಂಟಿಮೀಟರ್. ಅಂದರೆ ಒಂದು ಹೆಜ್ಜೆ ಸುಮಾರು 44 ಸೆಂಟಿಮೀಟರ್. ಆರು ಮೀಟರಿಗೆ 13-14 ಹೆಜ್ಜೆ. ಬಲಗಾಲಿನಿಂದ ಬಲಗಾಲಿಗೆ ಒಂದು ಸುತ್ತು ಅಂತ ಎಣಿಸಿದರೆ ಆರೇಳು ಸುತ್ತು. ಶುರು ಮಾಡುವಾಗ, ನಿಲ್ಲುವಾಗ ಯಾರ ಹೆಜ್ಜೆಯೂ ಸಮ ಇರುವುದಿಲ್ಲ, ಅವನ್ನು ತೆಗೆದರೆ ನಾಲ್ಕು ಉಳಿಯುತ್ತದೆ. ನಾಲ್ಕು ಸುತ್ತು ನೋಡಿ ತಾಳ ತಪ್ಪಿದೆ ಅನ್ನೋಕೆ ಆಗಲ್ಲ! ಕನಿಷ್ಠ ಒಂದೆರಡು ನಿಮಿಷ ನಡೆಸಬೇಕಿತ್ತು.

ದಾವಣಗೆರೆ ದಾರಿ
ನಾನು ಹೇಳಿದ್ದೂ ಅದೇ. ಮೋಸ.

ಮೈಸೂರು ಫಿಸಿಯೋ
ಇಲ್ಲ ಸರ್. ಗೈರೋ ಅವರ ಲೆಕ್ಕ ಒಪ್ಪುತ್ತೇನೆ, ಏರುಪೇರಿನ ಅಂಕಿ ತೆಗೆದುಹಾಕಿ. ಆದರೂ ವೇಗ 0.72, ಕುರ್ಚಿ ಪರೀಕ್ಷೆ 16.4, ಇವು ಹಾಗೇ ಇವೆ. ಇವಕ್ಕೆ ಬೆಲ್ಟೂ ಬೇಡ, ಸ್ಟಾಪ್‌ವಾಚ್ ಸಾಕು. ಎಲ್ಲಕ್ಕಿಂತ ದೊಡ್ಡ ಸುಳಿವು ಮೊದಲ ಸಾಲಿನಲ್ಲೇ ಇದೆ: ವರ್ಷದಲ್ಲಿ ಎರಡು ಸಲ ಬಿದ್ದಿದ್ದಾರೆ, ಒಂದು ಸಲ ಹೊಲಿಗೆ ಬಿದ್ದಿದೆ. 2022ರಲ್ಲಿ ಬಂದ ಜಾಗತಿಕ ಮಾರ್ಗಸೂಚಿಯ ಪ್ರಕಾರ ಅಷ್ಟೇ ಸಾಕು, ಅವರನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿ ಪೂರ್ತಿ ತಪಾಸಣೆ ಮಾಡಬೇಕು. ರಿಪೋರ್ಟ್ ದಾರಿ ತಪ್ಪಿ ಬಂದರೂ ಕೊನೆಗೆ ಸರಿಯಾದ ಜಾಗಕ್ಕೇ ಬಂದಿದೆ.

ಗೈರೋ
ದಾರಿ ತಪ್ಪಿದ್ದು ಸಣ್ಣ ವಿಷಯ ಅಲ್ಲ. ಆರು ತಿಂಗಳು ಬಿಟ್ಟು ಅದೇ ಆರು ಮೀಟರಿನಲ್ಲಿ ನಡೆಸಿ 5.8 ಹೋಗಿ 3.9 ಆಯಿತು, ಪ್ಯಾಕೇಜ್ ಕೆಲಸ ಮಾಡಿತು ಅನ್ನುತ್ತಾರೆ. ಆ ಬದಲಾವಣೆ ಪೂರ್ತಿ ಆಕಸ್ಮಿಕ ಇರಬಹುದು.

ಮೈಸೂರು ಫಿಸಿಯೋ
ಈ ಮಾತು ಸರಿ. ಒಪ್ಪಿದೆ.

ಮಸ್ಕತ್ ಕನ್ನಡಿಗ
ವಾಚ್ ಬಗ್ಗೆ ನನ್ನ ಅನುಭವ. ಬಿದ್ದಿದ್ದನ್ನು ಪತ್ತೆ ಮಾಡುವುದು ಬೇರೆ, ಬೀಳುವ ಮೊದಲು ನಡಿಗೆ ಹೇಗಿದೆ ಅಂತ ಹೇಳುವುದು ಬೇರೆ. ಅಂಗಡಿಯವರು ಎರಡನ್ನೂ ಕಲಸಿ ಹೇಳುತ್ತಾರೆ. ಆಪಲ್ ವಾಚಿನಲ್ಲಿ ಬಿದ್ದಿದ್ದನ್ನು ಗುರುತಿಸುವ ಸೌಲಭ್ಯ 2018ರಲ್ಲಿ ಬಂತು. ಜೋರಾಗಿ ಬಿದ್ದು ಒಂದು ನಿಮಿಷ ಅಲುಗಾಡದೆ ಇದ್ದರೆ ತಾನೇ ತುರ್ತು ಕರೆ ಮಾಡುತ್ತದೆ. ನಡಿಗೆಯ ಸ್ಥಿರತೆ ಅನ್ನುವುದು 2021ರಲ್ಲಿ ಬಂತು, ಅದು ಇರುವುದು ವಾಚಿನಲ್ಲಲ್ಲ, ಐಫೋನಿನಲ್ಲಿ. ವೇಗ, ಹೆಜ್ಜೆಯ ಉದ್ದ, ಎರಡೂ ಕಾಲು ನೆಲದಲ್ಲಿರುವ ಸಮಯ, ಎಡ ಬಲದ ವ್ಯತ್ಯಾಸ ನೋಡಿ ಸರಿ, ಕಡಿಮೆ, ತೀರಾ ಕಡಿಮೆ ಅಂತ ಮೂರು ಹಂತದಲ್ಲಿ ಹೇಳುತ್ತದೆ. ಆದರೆ ಫೋನ್ ಸೊಂಟದ ಹತ್ತಿರ, ಜೇಬಿನಲ್ಲಿ ಇರಬೇಕು.

ನನ್ನ ಅಮ್ಮ ಸೀರೆ ಉಡುತ್ತಾರೆ. ಸೀರೆಗೆ ಜೇಬೆಲ್ಲಿದೆ? ಫೋನ್ ಇಡೀ ದಿನ ದೇವರ ಮನೆಯ ಗೂಡಿನಲ್ಲಿ ಇರುತ್ತದೆ. ಮೂರು ತಿಂಗಳಲ್ಲಿ ಒಂದು ಅಂಕಿಯೂ ಬರಲಿಲ್ಲ.

ಕೋಲಾರದ ಸೊಪ್ಪು
ನಮ್ಮ ಅಜ್ಜಿ ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಫೋನನ್ನು ಅದರಲ್ಲಿ ಹಾಕಿಕೊಟ್ಟೆ. ಹೆಜ್ಜೆ ಲೆಕ್ಕ ಸರಿಯಾಗೇ ಬರುತ್ತಿದೆ.

ಮಸ್ಕತ್ ಕನ್ನಡಿಗ
ಇದು ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಒಂದು ಚೀಲ ಹೊಲಿಸುತ್ತೇನೆ.

ವಾರ್ಡ್ 4
ನಾನು ನರ್ಸ್. ಮುಂಗೈಗೆ ಕಟ್ಟುವ ವಾಚ್ ಬಗ್ಗೆ ಇನ್ನೊಂದು ಮಾತು. ವಾಕರ್ ಹಿಡಿದವರ ಕೈ ಬೀಸುವುದಿಲ್ಲ. ಹಾಗಾಗಿ ಅವರು ವಾರ್ಡಿನಲ್ಲಿ ನಾಲ್ಕು ಸುತ್ತು ಹಾಕಿದರೂ ವಾಚ್ ಸರಿಯಾಗಿ ಎಣಿಸುವುದಿಲ್ಲ. ತೀರಾ ನಿಧಾನ ನಡೆಯುವವರಲ್ಲೂ ಅಷ್ಟೆ. ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ತಪ್ಪು ಜಾಸ್ತಿ.

ಅಕ್ಕ, ಹೊಸ್ತಿಲು ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ಅಮ್ಮ ಎಷ್ಟು ಹೊತ್ತಿಗೆ ಬಿದ್ದರು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು?

ತೀರ್ಥಹಳ್ಳಿ ಮಗಳು
ಮೊದಲನೇ ಸಲ ಬೆಳಗಿನ ಜಾವ ನಾಲ್ಕೂವರೆಗೆ. ಎದ್ದು ಬಚ್ಚಲಿಗೆ ಹೊರಟವರು ಕೋಣೆಯ ಬಾಗಿಲಲ್ಲೇ ಬಿದ್ದರು. ಎರಡನೇ ಸಲ ಮಧ್ಯಾಹ್ನ. ಊಟ ಆಗಿ ಸ್ವಲ್ಪ ಮಲಗಿದ್ದರು. ಹಾಲಿನವನು ಕರೆದ ಅಂತ ಎದ್ದು ಹೋದವರು ನಡುಮನೆ ಹೊಸ್ತಿಲ ಹತ್ತಿರ ಬಿದ್ದರು. ಕಾಲು ಜಾರಲಿಲ್ಲ, ಕಣ್ಣು ಕತ್ತಲೆ ಬಂದ ಹಾಗಾಯಿತು ಅಂದರು.

ವಾರ್ಡ್ 4
ಎರಡು ಸಲವೂ ಮಲಗಿ ಎದ್ದ ಕೂಡಲೇ. ಅಕ್ಕ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರಾ? ಇತ್ತೀಚೆಗೆ ಡೋಸ್ ಜಾಸ್ತಿ ಮಾಡಿದ್ದಾರಾ? ನಿದ್ದೆ ಮಾತ್ರೆ ಇದೆಯಾ?

ಇವತ್ತೇ ಹೀಗೆ ಮಾಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ ನೋಡಿ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ನೀವು ಪಕ್ಕದಲ್ಲೇ ಹಿಡಿದುಕೊಂಡು ನಿಂತಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಹೊಸ್ತಿಲು
ಇದಕ್ಕೇ ನಾನು ಕೇಳಿದ್ದು.

ಗೈರೋ
ನಾನು ಒಪ್ಪಲೇಬೇಕು. ಕ್ಲಿನಿಕ್ಕಿನಲ್ಲಿ ಅಮ್ಮ ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿದ್ದು ಆಮೇಲೆ ನಡೆದಿದ್ದಾರೆ. ಹಗಲು, ಬೆಳಕು, ಪಕ್ಕದಲ್ಲಿ ಮಗಳು. ಬೆಳಗಿನ ಜಾವ ಕತ್ತಲಲ್ಲಿ ಹಾಸಿಗೆಯಿಂದ ಎದ್ದ ಆ ಹತ್ತು ಸೆಕೆಂಡ್ ಯಾವ ಬೆಲ್ಟಿನ ಗ್ರಾಫಿನಲ್ಲೂ ಬರಲು ಸಾಧ್ಯವಿಲ್ಲ. ಮನೆಯಲ್ಲೇ ವಾರಗಟ್ಟಲೆ ಕಟ್ಟಿಕೊಂಡಿರುವ ಸೆನ್ಸರುಗಳ ಮೇಲೆ ಈಗ ಹೆಚ್ಚು ಕೆಲಸ ನಡೆಯುತ್ತಿರುವುದು ಇದೇ ಕಾರಣಕ್ಕೆ.

ನಿವೃತ್ತ ಮೇಷ್ಟ್ರು
ಇಲ್ಲಿ ಬರೆಯುತ್ತಿರುವವರೆಲ್ಲ ಮಕ್ಕಳು. ನನಗೆ 71. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಮಗ ವಾಚ್ ಕಳಿಸಿದ. ಪ್ರೀತಿಯಿಂದಲೇ ಕಳಿಸಿದ. ಆದರೆ ದಿನಾ ಸಂಜೆ ಫೋನಿನಲ್ಲಿ, "ಅಪ್ಪ, ಇವತ್ತು ಯಾಕೆ ಬರೀ 1,800 ಹೆಜ್ಜೆ?" ಊಟ ಆಯಿತಾ ಅಂತ ಕೇಳುವುದು ನಿಂತೇ ಹೋಯಿತು. ಒಂದು ದಿನ ಬಿಚ್ಚಿ ಬೀರುವಿನಲ್ಲಿ ಇಟ್ಟೆ. ಮಗ ಬೇಜಾರು ಮಾಡಿಕೊಂಡ. ನಮ್ಮ ನಡಿಗೆಯ ಲೆಕ್ಕ ಯಾರು ಯಾರು ನೋಡಬೇಕು ಅಂತ ನಮ್ಮನ್ನು ಮೊದಲು ಕೇಳಬೇಕಲ್ವಾ?

ಮಗಳೇ, ನಿಮ್ಮ ಅಮ್ಮನಿಗೆ ಆ ಕೆಂಪು ತೋರಿಸಿದ್ದು ತಪ್ಪು ಅನ್ನಲಾರೆ. ಆದರೆ ಆಮೇಲೆ ಅವರ ಜೊತೆ ಕೂತು ಮಾತಾಡಿದ್ದೀರಾ? ಬೀಳುತ್ತೇನೆ ಅನ್ನುವ ಭಯ ಕೆಟ್ಟದ್ದು. ಭಯಕ್ಕೆ ನಡೆಯುವುದನ್ನು ಬಿಡುತ್ತೇವೆ, ಬಿಟ್ಟರೆ ತೊಡೆಯ ಶಕ್ತಿ ಹೋಗುತ್ತದೆ, ಆಗ ನಿಜವಾಗಿಯೂ ಬೀಳುತ್ತೇವೆ.

ತೀರ್ಥಹಳ್ಳಿ ಮಗಳು
ಮೇಷ್ಟ್ರೇ, ಮಾತಾಡಿಲ್ಲ. ಅಣ್ಣನೂ ನಾನೂ ಅವರ ಎದುರಿಗೇ ವಾಚ್ ಬಗ್ಗೆ ವಾದ ಮಾಡಿದ್ದೇವೆ, ಅವರನ್ನು ಕೇಳಲಿಲ್ಲ. ಇವತ್ತು ಕೇಳುತ್ತೇನೆ.

ಕೊಡೆ ಹಿಡಿದವರು
ಕೋಲಿನ ವಿಷಯ ಬರಲೇ ಇಲ್ಲ ಯಾಕೆ? ನಮ್ಮ ಅಪ್ಪ ಕೊಪ್ಪದಲ್ಲಿ ಇದ್ದಾರೆ. ಕೋಲು ಹಿಡಿ ಅಂದರೆ ಮುದುಕ ಅಂತೀರಾ ಅಂತ ರೇಗುತ್ತಾರೆ. ಆದರೆ ಬೇಸಿಗೆಯಲ್ಲೂ ಉದ್ದ ಕೊಡೆ ಬಿಡುವುದಿಲ್ಲ. ನಾನು ಕೊಡೆಯ ತುದಿಗೆ ರಬ್ಬರ್ ಬೂಚು ಹಾಕಿಸಿ, ಎತ್ತರ ಸರಿ ನೋಡಿ ಕೊಟ್ಟೆ.

ಮೈಸೂರು ಫಿಸಿಯೋ
ಕೊಡೆ ಭಾರ ತಡೆಯುವುದಿಲ್ಲ, ನಿಜವಾಗಿ ಊರಿದರೆ ಬಾಗುತ್ತದೆ. ದಯವಿಟ್ಟು ಕೋಲಿಗೇ ಒಪ್ಪಿಸಿ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ತುಂಬಾ ಜನ ಇದನ್ನೇ ಉಲ್ಟಾ ಮಾಡುತ್ತಾರೆ.

ಕೊಡೆ ಹಿಡಿದವರು
ಪ್ರಯತ್ನ ಮಾಡುತ್ತೇನೆ. ಅಪ್ಪನ ವಿಷಯ ನಿಮಗೆ ಗೊತ್ತಿಲ್ಲ.

ಕೋಲಾರದ ಸೊಪ್ಪು
ನಮ್ಮ ತಾತ ಕೊನೆಯ ಎರಡು ವರ್ಷ ನಡೆಯುತ್ತಾ ಮಾತಾಡುತ್ತಿರಲಿಲ್ಲ. ಏನಾದರೂ ಕೇಳಿದರೆ ನಿಂತು, ಉತ್ತರ ಹೇಳಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ನಾವು ಗೌರವ ಅಂದುಕೊಂಡಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಗೈರೋ
ಇದೆ! ಇದೇ ವಿಷಯವನ್ನು ಸ್ವೀಡನ್ನಿನಲ್ಲಿ ಗಮನಿಸಿ 1997ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ವೃದ್ಧರ ವಸತಿಯ 58 ಜನರ ಜೊತೆ ನಡೆಯುತ್ತಾ ಮಾತು ಶುರು ಮಾಡಿದರು. 12 ಜನ ಮಾತಾಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ಆದರೆ ನಿಲ್ಲದೆ ಮಾತಾಡಿದವರಲ್ಲೂ ಕೆಲವರು ಬಿದ್ದರು, ಅದನ್ನೂ ನೆನಪಿಡಬೇಕು.

ನಡಿಗೆ ತಾನಾಗೇ ಆಗುತ್ತದೆ ಅಂದುಕೊಳ್ಳುತ್ತೇವೆ. ವಯಸ್ಸಾದ ಮೇಲೆ ಅದಕ್ಕೂ ಗಮನ ಬೇಕು. ಗಮನ ಮಾತಿಗೆ ಹೋದರೆ ಕಾಲಿಗೆ ಉಳಿಯುವುದಿಲ್ಲ. ಅದಕ್ಕೇ ಬೆಲ್ಟ್ ಕಟ್ಟಿ ನಡೆಸುವಾಗ 100ರಿಂದ ಮೂರು ಮೂರು ಕಳೆಯುತ್ತಾ ಬನ್ನಿ ಅಂತ ಹೇಳುತ್ತಾರೆ. ಸುಮ್ನೆ ನಡೆದಾಗ ಕಾಣದ ಏರುಪೇರು ಆಗ ಕಾಣಿಸುತ್ತದೆ.

ನಿವೃತ್ತ ಮೇಷ್ಟ್ರು
ಶಾಲೆಗೆ ಹೋಗದವರಿಗೆ ಕಳೆಯುವ ಲೆಕ್ಕ ಕೊಟ್ಟರೆ ಗಾಬರಿಯಾಗುತ್ತಾರೆ. ತರಕಾರಿ ಹೆಸರು ಹೇಳಿಸಿ, ನೆಂಟರ ಊರುಗಳ ಹೆಸರು ಹೇಳಿಸಿ.

ಮೈಸೂರು ಫಿಸಿಯೋ
ನಾನು ಮಾಡುವುದೂ ಹಾಗೇ ಸರ್. ತರಕಾರಿ ಹೆಸರು ಎಲ್ಲರಿಗೂ ಹಿಡಿಸುತ್ತದೆ.

ಧಾರವಾಡದ ಮಳೆ
ಮನೆಯಲ್ಲೇ ಫೋನ್ ಕಟ್ಟಿ ಅಳೆಯಬಹುದಾ? ಕ್ಲಿನಿಕ್ ದೂರ ಇದೆ ನಮಗೆ.

ಗೈರೋ
ಅಳೆಯಬಹುದು. ಫೈಫಾಕ್ಸ್ ಅಂತ ಉಚಿತ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನ ಸೆನ್ಸರ್ ಹೇಳುವುದನ್ನು ಹಾಗೇ ಗ್ರಾಫ್ ಮಾಡಿ ಕೊಡುತ್ತದೆ. ಬಟ್ಟೆಯಲ್ಲಿ ಸುತ್ತಿ ಸೊಂಟದ ಹಿಂದೆ ಬಿಗಿಯಾಗಿ ಕಟ್ಟಿ. ಸಡಿಲ ಇದ್ದರೆ ಫೋನಿನ ಕುಲುಕಾಟವೇ ಬರುತ್ತದೆ. ಒಂದು ಎಚ್ಚರ: ಕೆಲವು ಫೋನ್ ಸೆಕೆಂಡಿಗೆ 50 ಸಲ ಮಾತ್ರ ಅಳೆಯುತ್ತವೆ, ಅಂದರೆ 20 ಮಿಲಿಸೆಕೆಂಡಿಗೆ ಒಂದು ಸಲ. ಗಟ್ಟಿ ನಡಿಗೆಯವರ ಒಂದು ಸುತ್ತು ಸುಮಾರು 1.1 ಸೆಕೆಂಡ್, ಅವರಲ್ಲಿ ಇರುವ ಸುಮಾರು 2% ಏರುಪೇರು ಅಂದರೆ 22 ಮಿಲಿಸೆಕೆಂಡ್. ನೀವು ಹುಡುಕುವ ವ್ಯತ್ಯಾಸವೂ ಅಳತೆಕೋಲಿನ ಗೆರೆಯೂ ಒಂದೇ ಅಳತೆ ಆಯಿತು. 100 ಸಲ ಅಳೆಯುವ ಫೋನ್ ಇದ್ದರೆ ಮಾತ್ರ ಏರುಪೇರಿನ ಲೆಕ್ಕಕ್ಕೆ ಕೈ ಹಾಕಿ.

ಮೈಸೂರು ಫಿಸಿಯೋ
ಅಷ್ಟೆಲ್ಲ ಬೇಡ ಅನ್ನುವವರು ಹೀಗೆ ಮಾಡಿ. ನೆಲದ ಮೇಲೆ 4 ಮೀಟರಿಗೆ ಎರಡು ಬಣ್ಣದ ಟೇಪ್ ಅಂಟಿಸಿ. ಒಂದು ಮೀಟರ್ ಮುಂಚೆಯಿಂದ ನಡಿಗೆ ಶುರು ಮಾಡಿಸಿ, ಒಂದು ಮೀಟರ್ ದಾಟಿದ ಮೇಲೆ ನಿಲ್ಲಿಸಿ. ಟೇಪಿನಿಂದ ಟೇಪಿಗೆ 5 ಸೆಕೆಂಡ್ ಆದರೆ ವೇಗ 0.8. ಮೂರು ಸಲ ನಡೆಸಿ ಸರಾಸರಿ ಬರೆದಿಡಿ. ಪ್ರತಿ ವಾರ ಅದೇ ಜಾಗ, ಅದೇ ಹೊತ್ತು, ಅದೇ ಚಪ್ಪಲಿ. ಬೇರೆಯವರ ಅಂಕಿಯ ಜೊತೆ ಹೋಲಿಸುವುದಕ್ಕಿಂತ ಅವರದೇ ಹಳೆಯ ಅಂಕಿಯ ಜೊತೆ ಹೋಲಿಸುವುದು ಹೆಚ್ಚು ಉಪಯೋಗ.

ವ್ಯಾಯಾಮ ಬಿಡಬೇಡಿ. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಮಾಡಿದ 2019ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಸಂಸ್ಥೆ) ವರದಿಯಲ್ಲಿ ವ್ಯಾಯಾಮದಿಂದ ಬೀಳುವುದು 23% ಕಡಿಮೆಯಾಗಿದೆ. ಸೆನ್ಸರ್ ಅಳೆಯುತ್ತದೆ, ಕಾಲಿಗೆ ಶಕ್ತಿ ತುಂಬುವುದಿಲ್ಲ.

ದಾವಣಗೆರೆ ದಾರಿ
ಇದನ್ನು ಆ ಕ್ಲಿನಿಕ್ಕಿನವರು ಹೇಳಿದ್ದರೆ ನಾನು ಬೈಯುತ್ತಲೇ ಇರಲಿಲ್ಲ.

ತೀರ್ಥಹಳ್ಳಿ ಮಗಳು
ಬಿಪಿ ನೋಡಿದೆ. ಮಲಗಿದ್ದಾಗ 138/82. ನಿಂತ ಒಂದು ನಿಮಿಷಕ್ಕೆ 112/70. ಮೂರನೇ ನಿಮಿಷಕ್ಕೆ 116/72. ಬಿಪಿ ಮಾತ್ರೆ ಜಾಸ್ತಿ ಮಾಡಿದ್ದು ಜನವರಿಯಲ್ಲಿ, ಮೊದಲು ಬಿದ್ದಿದ್ದು ಫೆಬ್ರವರಿಯಲ್ಲಿ. ನಾಳೆಯೇ ಡಾಕ್ಟರ್ ಹತ್ತಿರ ಹೋಗುತ್ತೇವೆ. @ವಾರ್ಡ್ 4, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ವಾರ್ಡ್ 4
ಈ ಪೂರ್ತಿ ಅಂಕಿಗಳನ್ನು ಚೀಟಿಯಲ್ಲಿ ಬರೆದು ತೆಗೆದುಕೊಂಡು ಹೋಗಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ನೆಗಡಿ ಮಾತ್ರೆ ಸಹಿತ. ಅಲ್ಲಿಯ ತನಕ ಅಮ್ಮನಿಗೆ ಹೇಳಿ: ಎದ್ದು ಹಾಸಿಗೆ ಅಂಚಿನಲ್ಲಿ ಎರಡು ನಿಮಿಷ ಕೂರಬೇಕು, ಪಾದ ನಾಲ್ಕು ಸಲ ಆಡಿಸಬೇಕು, ಆಮೇಲೆ ನಿಲ್ಲಬೇಕು. ಹಾಲಿನವನು ಕಾಯಲಿ.

ತೀರ್ಥಹಳ್ಳಿ ಮಗಳು
(ಹತ್ತು ವಾರದ ಮೇಲೆ ಬರೆಯುತ್ತಿದ್ದೇನೆ.)

ಡಾಕ್ಟರ್ ಒಂದು ಮಾತ್ರೆ ನಿಲ್ಲಿಸಿ, ಇನ್ನೊಂದರ ಡೋಸ್ ಇಳಿಸಿದರು. ಈಗ ನಿಂತಾಗ ಬಿಪಿ ಅಷ್ಟು ಇಳಿಯುತ್ತಿಲ್ಲ. ವಿಟಮಿನ್ ಬಿ12 ಕಡಿಮೆ ಇತ್ತು, ಅದಕ್ಕೂ ಔಷಧಿ ಕೊಟ್ಟಿದ್ದಾರೆ. ಅಮ್ಮ ಊರಿಗೆ ವಾಪಸ್ ಹೋದರು. ಜಗಲಿಯಲ್ಲಿ ಹಳದಿ ಟೇಪ್ ಅಂಟಿಸಿದ್ದೇವೆ, ಪಕ್ಕದ ಮನೆ ಹುಡುಗಿ ಭಾನುವಾರ ಸ್ಟಾಪ್‌ವಾಚ್ ಹಿಡಿಯುತ್ತಾಳೆ. ಶುರುವಿನಲ್ಲಿ 5.6 ಸೆಕೆಂಡ್ ಇತ್ತು. ಕಳೆದ ಮೂರು ಭಾನುವಾರ 5.2, 5.0, 5.1.

ವಾಚ್ ಬಗ್ಗೆ ಅಮ್ಮನನ್ನೇ ಕೇಳಿದೆವು. ಬಿದ್ದಾಗ ಫೋನ್ ಮಾಡುವುದಾದರೆ ಕಟ್ಟಿಕೊಳ್ಳುತ್ತೇನೆ, ಹೆಜ್ಜೆ ಎಣಿಸಿ ನೀವು ನೋಡುವುದು ಬೇಡ ಅಂದರು. ಅಣ್ಣ ಒಪ್ಪಿದ. ಬೀಳುವುದನ್ನು ಗುರುತಿಸುವುದು ಮಾತ್ರ ಇಟ್ಟು ಉಳಿದದ್ದನ್ನು ಹಂಚಿಕೊಳ್ಳುವುದು ನಿಲ್ಲಿಸಿದ್ದೇವೆ.

ಮೈಸೂರು ಫಿಸಿಯೋ
5.6ರಿಂದ 5.1 ಅಂದರೆ ವೇಗ 0.71ರಿಂದ 0.78. ಸೆಕೆಂಡಿಗೆ 0.05 ಮೀಟರ್ ಏರಿದರೆ ಸಣ್ಣದಾದರೂ ಲೆಕ್ಕಕ್ಕೆ ಬರುವ ಬದಲಾವಣೆ, 0.1 ಏರಿದರೆ ದೊಡ್ಡದು. ಅಮ್ಮ ನಡುವೆ ಇದ್ದಾರೆ. ಬಹಳ ಸಂತೋಷ ಆಯಿತು ಮೇಡಂ.

ಗೈರೋ
ಮೂರು ವಾರವೂ ಹತ್ತಿರ ಹತ್ತಿರ ಬಂದಿದೆ, ಹಾಗಾಗಿ ನಂಬಬಹುದು. ಟೇಪ್ ಜಾಗ ಬದಲಿಸಬೇಡಿ.

ತೀರ್ಥಹಳ್ಳಿ ಮಗಳು
ಒಂದು ಕೊನೆಯ ಪ್ರಶ್ನೆ. ಮಳೆ ಶುರುವಾಗಿದೆ. ಅಂಗಳದಲ್ಲಿ ಪಾಚಿ. ತೋಟದ ಆಚೆ ಚಿಕ್ಕಮ್ಮನ ಮನೆಗೆ ಹೋಗಲು ಹಳ್ಳದ ಮೇಲೆ ಒಂದು ಸಂಕ (ಕಾಲುಸೇತುವೆ) ಇದೆ, ಅಡಿಕೆ ಮರದ್ದು. ಅಮ್ಮನಿಗೆ ಅಲ್ಲಿಗೆ ಹೋಗಲೇಬೇಕು. ಬೇಡ ಅನ್ನಲು ನನಗೂ ಮನಸ್ಸಿಲ್ಲ.

ಕೊಡೆ ಹಿಡಿದವರು
ಅಂಗಳಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಿಸಿ, ಬಚ್ಚಲಿನ ತನಕ. ಅದಕ್ಕೂ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಸಂಕದ ಅಡಿಕೆ ಮರ ಈ ಮಳೆಗೆ ತೆಗೆದು ಹಾಕಿ, ಅದು ಒಳಗೆ ಕೊಳೆತಿದ್ದರೆ ಮೇಲಿನಿಂದ ಗೊತ್ತಾಗುವುದಿಲ್ಲ. ನಾವು ಎರಡು ಕಬ್ಬಿಣದ ಪೈಪ್ ಮೇಲೆ ಸಿಮೆಂಟ್ ಹಲಗೆ ಕೂರಿಸಿದೆವು.

ಮೈಸೂರು ಫಿಸಿಯೋ
ಕೈಹಿಡಿ ಎರಡೂ ಕಡೆ ಇರಲಿ. ಹೋಗುವಾಗಿನ ಬಲಗೈ ಬರುವಾಗ ಎಡಗೈ ಆಗುತ್ತದೆ.

ನಿವೃತ್ತ ಮೇಷ್ಟ್ರು
ಚಿಕ್ಕಮ್ಮನಿಗೂ ವಯಸ್ಸಾಗಿರಬೇಕಲ್ವಾ? ಅವರನ್ನೂ ಎದ್ದು ನಿಲ್ಲಿಸಿ ಬಿಪಿ ನೋಡಿ ಮಗಳೇ.